ನೂರು ವರ್ಷದ ಮಳೆ, ಹಳೇ ಲ್ಯಾಪ್‌ಟಾಪ್, ಸಿಡಿಒ: ನನ್ನ ಅನುಭವ

ಹವಾಮಾನ ಇಲಾಖೆಯ ಪುಣೆ ಕಚೇರಿ ಕೊಡುವ 0.25 ಡಿಗ್ರಿ (ದೇಶದ ನಕ್ಷೆಯನ್ನು ಅಷ್ಟಷ್ಟು ಅಗಲದ ಚೌಕ ಮಾಡಿದ) ದಿನದಿನದ ಮಳೆ ಫೈಲುಗಳನ್ನು 1901ರಿಂದ ಹಿಡಿದು ಪೂರ್ತಿ ನೆಟ್‌ಸಿಡಿಎಫ್ (ಹವಾಮಾನ ದತ್ತಾಂಶ ಇಡುವ ಫೈಲ್ ಮಾದರಿ) ಮಾಡಿ ಮುಗಿಸಿದೆ. 8 ಜಿಬಿ ರ್‍ಯಾಮ್‌ನ ಹಳೇ ಲ್ಯಾಪ್‌ಟಾಪ್, ಉಬುಂಟು, ಹವಾಮಾನ ದತ್ತಾಂಶಕ್ಕೆಂದೇ ಇರುವ ಸಿಡಿಒ ಎಂಬ ಉಚಿತ ಸಾಫ್ಟ್‌ವೇರ್. ಅಷ್ಟೇ. "ಸರ್ವರ್ ಬೇಕು, ಇಲ್ಲಾಂದ್ರೆ ಮ್ಯಾಟ್‌ಲ್ಯಾಬ್ ಲೈಸೆನ್ಸ್ ತಗೋ" ಎಂದವರೇ ಈಗ ಸ್ಕ್ರಿಪ್ಟ್ ಕೇಳುತ್ತಿದ್ದಾರೆ.

ಮೊದಲು ದುಡ್ಡು ಹೋದ ಕಥೆ. ಬೇಗ ಆಗಲಿ ಅಂತ ಒಬ್ಬರಿಗೆ ಏಳೆಂಟು ಸಾವಿರ ಕೊಟ್ಟು ಸಿಎಸ್‌ವಿ (ಸಾಲು ಸಾಲಾಗಿ ಬರೆದ ಪಟ್ಟಿ ಫೈಲ್) ಮಾಡಿಸಿದ್ದೆ. ಗ್ರಿಡ್ 135 × 129, ಅಂದರೆ 17,415 ಬಿಂದು. ಬಿಂದುವಿಗೆ ದಿನಕ್ಕೊಂದು ಸಾಲಿನಂತೆ ವರ್ಷಕ್ಕೆ 63 ಲಕ್ಷ ಸಾಲು. ಎಕ್ಸೆಲ್ 10 ಲಕ್ಷ ಚಿಲ್ಲರೆಗೇ ಕೈ ಎತ್ತುತ್ತದೆ. ಹೋಗಲಿ ಅಂದರೆ, ಮಾಹಿತಿ ಇಲ್ಲದ ಕಡೆ ಇರುವ -999 ಅನ್ನೂ ಪುಣ್ಯಾತ್ಮರು ಮಳೆ ಅಂತಲೇ ಸರಾಸರಿಗೆ ಸೇರಿಸಿದ್ದರು. ಜುಲೈ ತಿಂಗಳ ಕರಾವಳಿಯಲ್ಲಿ ಮೈನಸ್ ಮಳೆ! ದುಡ್ಡು ವಾಪಸ್ ಬರಲಿಲ್ಲ.

ಆಮೇಲೆ ನಾನೇ ಕೂತೆ. ಇಲಾಖೆಯ ಬೈನರಿ ಫೈಲ್ ಓದಲು ಸಿಡಿಒದಲ್ಲಿ ಇಂಪೋರ್ಟ್ ಬೈನರಿ ಎಂಬ ಆದೇಶ ಇದೆ, ಗ್ರ್ಯಾಡ್ಸ್ ಕಂಟ್ರೋಲ್ ಫೈಲ್ (ದತ್ತಾಂಶ ಹೇಗೆ ಜೋಡಿಸಿದೆ ಅಂತ ಹೇಳುವ ಪುಟ್ಟ ಪಠ್ಯ ಫೈಲ್) ಕೊಟ್ಟರೆ ಸಾಕು. ರೇಖಾಂಶ 66.5ರಿಂದ, ಅಕ್ಷಾಂಶ 6.5ರಿಂದ, ಬೈಟ್‌ಗಳ ಕ್ರಮ ಲಿಟಲ್ ಎಂಡಿಯನ್, ಅನ್‌ಡೆಫ್ (ಖಾಲಿ ಜಾಗದ ಗುರುತು) -999. ಉತ್ತರ-ದಕ್ಷಿಣ ತಿರುಗಿಸುವ ವೈರೆವ್ ಹಾಕಲೇಬೇಡಿ. ಹಾಕಿದರೆ ನಕ್ಷೆ ತಲೆಕೆಳಗಾಗಿ ಆಗುಂಬೆಯ ಮಳೆ ಜಲಂಧರ್ ಆಸುಪಾಸಿನಲ್ಲಿ ಸುರಿಯುತ್ತದೆ. ನಾನು ಪ್ರತಿ ವರ್ಷದ ಫೈಲನ್ನೂ ಆಗುಂಬೆ ಪಕ್ಕದ 13.5, 75 ಬಿಂದುವಿನ ಒಟ್ಟು ಮಳೆ ತೆಗೆದೇ ಪಾಸ್ ಮಾಡಿದ್ದು. ಆಗುಂಬೆಯ ಮಳೆಮಾಪಕದ ಲೆಕ್ಕಕ್ಕಿಂತ ಅದು ಕಡಿಮೆಯೇ ಬರುತ್ತದೆ, ಗಾಬರಿ ಬೇಡ. ಒಂದು ಚೌಕ ಅಂದರೆ ಹೆಚ್ಚುಕಡಿಮೆ 27 ಕಿ.ಮೀ. ಅಗಲ, ಅಷ್ಟಕ್ಕೂ ಒಂದೇ ಅಂಕಿ ಅಲ್ವಾ.

ಜಾಸ್ತಿ ಕಾಡಿದ್ದು ಅಧಿಕ ವರ್ಷ. ಕಂಟ್ರೋಲ್ ಫೈಲಿನಲ್ಲಿ 365 ಅಂತ ಇದ್ದರೆ 366 ದಿನದ ಫೈಲನ್ನೂ ಸಿಡಿಒ ತಕರಾರಿಲ್ಲದೆ ಓದುತ್ತದೆ, ಡಿಸೆಂಬರ್ 31 ಮಾತ್ರ ಸುಮ್ನೆ ಮಾಯ. ಇದಕ್ಕೆ ನಾನು ಕಂಡುಕೊಂಡ ದಾರಿ ಸುಲಭ. ಬಿಂದುವಿಗೆ 4 ಬೈಟ್‌ನಂತೆ ಒಂದು ದಿನಕ್ಕೆ 69,660 ಬೈಟ್. ಫೈಲಿನ ಗಾತ್ರವನ್ನು ಅದರಿಂದ ಭಾಗಿಸಿದರೆ ದಿನಗಳ ಲೆಕ್ಕ ಸಿಗುತ್ತದೆ. ಶೇಷ ಉಳಿದರೆ ಡೌನ್‌ಲೋಡ್ ಅರ್ಧಕ್ಕೇ ನಿಂತಿದೆ ಅಂತ ಅರ್ಥ. ನನ್ನ ಬ್ಯಾಷ್ ಸ್ಕ್ರಿಪ್ಟಿನ ಲೂಪ್ ಇದನ್ನು ನೋಡಿಯೇ ವರ್ಷಕ್ಕೊಂದು ಕಂಟ್ರೋಲ್ ಫೈಲ್ ಬರೆಯುತ್ತದೆ.

ನೆಟ್‌ಸಿಡಿಎಫ್-4 ಮಾಡಿ ಜಿಪ್ ಹಾಕಿದ ಮೇಲೆ ವರ್ಷಕ್ಕೆ 25 ಎಂಬಿ ಇದ್ದದ್ದು ನಾಲ್ಕೈದು ಎಂಬಿಗೆ ಇಳಿಯಿತು. ಅರ್ಧಕ್ಕಿಂತ ಜಾಸ್ತಿ ಬಿಂದುಗಳು ಖಾಲಿ, ಇಳಿಯದೇ ಏನು? ಹೊಸ ಹಾರ್ಡ್ ಡಿಸ್ಕಿಗೆ ಎತ್ತಿಟ್ಟಿದ್ದ ದುಡ್ಡೂ ಉಳಿಯಿತು. ಸಿಡಿಒ ಒಂದೊಂದೇ ದಿನದ ಹಾಳೆ ಓದುವುದರಿಂದ ರ್‍ಯಾಮ್ ಕೂಡ ಅಲ್ಲಾಡಲಿಲ್ಲ.

ಅದೇ ಹುರುಪಿನಲ್ಲಿ ಉಷ್ಣಾಂಶದ ಫೈಲುಗಳಿಗೂ ಕೈ ಹಾಕಿದೆ. ಅದು 1 ಡಿಗ್ರಿ, 31 × 31, ಖಾಲಿ ಜಾಗಕ್ಕೆ 99.9. ಈ ದಶಾಂಶ ನಂಬಬೇಡಿ. ಫ್ಲೋಟ್‌ನಲ್ಲಿ (ಕಂಪ್ಯೂಟರ್ ದಶಾಂಶ ಇಡುವ ರೀತಿ) ಅದು ಸರಿಯಾಗಿ 99.9 ಆಗಿ ಕೂರುವುದಿಲ್ಲ. ನಾನು 99ರಿಂದ 100ರವರೆಗಿನದ್ದನ್ನೆಲ್ಲ ಮಿಸ್ಸಿಂಗ್ ಮಾಡಿಬಿಟ್ಟೆ. ಎಷ್ಟೇ ಬಿಸಿಲಿದ್ದರೂ ಕಲಬುರಗಿ ಅಷ್ಟು ಕಾಯುವುದಿಲ್ಲ ಬಿಡಿ.

ತಾಲೂಕು ಗಡಿಗೆ ತಕ್ಕಂತೆ ಚೌಕಗಳಿಗೆ ತೂಕ ಹಾಕುವ ಭಾಗವನ್ನು ಇಲ್ಲಿ ಬರೆದಿಲ್ಲ. ಕಳೆದುಕೊಂಡ ಏಳೆಂಟು ಸಾವಿರವನ್ನು ಬೇರೆಯವರಿಗೆ ಮಾಡಿಕೊಟ್ಟ ಆ ಕೆಲಸವೇ ಎರಡು ಪಟ್ಟು ಮಾಡಿ ಕೊಟ್ಟಿದೆ, ಇನ್ನೂ ಒಂದೆರಡು ಆರ್ಡರ್ ಬಾಕಿ ಇವೆ.