ಅಂಗಾಲು ಉರಿ: ಕಲಬುರಗಿ ಬಿಸಿಲಿನಲ್ಲಿ ಕಾಲು ಕಾಯ್ದುಕೊಳ್ಳುವ ಬಗೆ

ಕಾಲಿನ ನರ ಕೆಟ್ಟವರಿಗೆ ಎರಡು ತೊಂದರೆ ಒಟ್ಟಿಗೇ ಬರುತ್ತವೆ. ರಾತ್ರಿ ಅಂಗಾಲು ಕೆಂಡ ತುಳಿದಂತೆ ಉರಿಯುತ್ತದೆ, ಇರುವೆ ಹರಿದಂತಾಗುತ್ತದೆ. ಅದೇ ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೂ ತಿಳಿಯುವುದಿಲ್ಲ. ಹಾಗಾಗಿ ಉರಿಗೆ ಮಾಡುವ ಯಾವ ಉಪಾಯವೂ ಜೋಮು ಹಿಡಿದ ಚರ್ಮಕ್ಕೆ ಗಾಯ ಮಾಡಬಾರದು. ಬಿಸಿನೀರಿನ ಚೀಲ, ಇಟ್ಟಿಗೆ ಕಾಸಿ ಕೊಡುವ ಕಾವು, ಐಸ್ ತಿಕ್ಕುವುದು, ಮೂರನ್ನೂ ಬಿಡಿ.

ಮೊದಲು ಕಾರಣ ಗೊತ್ತಾಗಬೇಕು. ಸಕ್ಕರೆ ಕಾಯಿಲೆಯೇ ಹೆಚ್ಚು. ಆದರೆ ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಜೀವಸತ್ವ ಇಳಿದೂ ಹೀಗಾಗುತ್ತದೆ, ಸೆರೆ ಕುಡಿತದಿಂದಲೂ ಆಗುತ್ತದೆ. ಮುಟ್ಟಿದರೆ ತಿಳಿಯದ ಮಸುಕು ಮಚ್ಚೆ ಮೈಮೇಲಿದ್ದರೆ ಕುಷ್ಠದ ಪರೀಕ್ಷೆ ಮಾಡಿಸಿ. ಅದಕ್ಕೆ ಸರ್ಕಾರಿ ದವಾಖಾನೆಯಲ್ಲಿ ಔಷಧಿ ಉಚಿತ, ಮುಚ್ಚಿಟ್ಟರೆ ನರ ಮತ್ತಷ್ಟು ಹಾಳಾಗುತ್ತದೆ. ಕಲಬುರಗಿಯ ಜಿಮ್ಸ್ ಸರ್ಕಾರಿ ಆಸ್ಪತ್ರೆ, ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆ, ಊರಿನ ಕ್ಲಿನಿಕ್, ಎಲ್ಲಿಗೇ ಹೋದರೂ ಚಪ್ಪಲಿ ಕಳಚಿ ಕಾಲು ತೋರಿಸಿ. 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಸ್ಪರ್ಶ ನೋಡಿ ಎಂದು ಕೇಳಿ. ರಕ್ತದಲ್ಲಿ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ), ಬಿ12 ಎರಡನ್ನೂ ನೋಡಿಸಿ.

ಪ್ಯಾರಾಸಿಟಮಾಲ್‌ನಂತಹ ನೋವಿನ ಗುಳಿಗೆ ನರದ ಉರಿಗೆ ಹೆಚ್ಚು ಕೆಲಸ ಮಾಡುವುದಿಲ್ಲ. ವೈದ್ಯರು ಸಾಮಾನ್ಯವಾಗಿ ಬರೆಯುವುದು ಅಮಿಟ್ರಿಪ್ಟಿಲಿನ್, ಪ್ರೆಗಾಬಲಿನ್ ಅಥವಾ ಡುಲೊಕ್ಸೆಟಿನ್. ಅಮಿಟ್ರಿಪ್ಟಿಲಿನ್ ರಾತ್ರಿ 10 ಮಿಲಿಗ್ರಾಂನಿಂದ ಶುರುವಾಗುತ್ತದೆ. ಬಾಯಿ ಒಣಗುತ್ತದೆ, ಬೆಳಿಗ್ಗೆ ಮಂಪರು ಇರುತ್ತದೆ. ಹೃದಯದ ತೊಂದರೆ, ಕಣ್ಣಿನ ಒತ್ತಡ, ಮೂತ್ರ ಕಟ್ಟುವಿಕೆ ಇದ್ದರೆ ಮೊದಲೇ ಹೇಳಿ. ಪ್ರೆಗಾಬಲಿನ್ ತಲೆಸುತ್ತು, ಕಾಲು ಬಾವು ತರಬಹುದು. ಮೂತ್ರಪಿಂಡ ಕುಗ್ಗಿದವರಿಗೆ ಪ್ರಮಾಣ ಕಡಿಮೆ ಮಾಡಬೇಕು. ಇವು ಎರಡು ದಿನದಲ್ಲಿ ಫಲ ಕೊಡುವಂಥವಲ್ಲ, ಕೆಲವು ವಾರ ಕಾಯಬೇಕು. ಕಡಿಮೆಯಾಯಿತೆಂದು ಒಮ್ಮೆಲೇ ನಿಲ್ಲಿಸಿದರೆ ನಿದ್ದೆಗೇಡು, ಚಡಪಡಿಕೆ ಕಾಡುತ್ತವೆ. ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತಂದು ವರ್ಷಗಟ್ಟಲೆ ನುಂಗುವವರು ಒಂದು ಮಾತು ತಿಳಿದಿರಿ: ಬಿ6 ಅತಿಯಾದರೆ ಅದೇ ನರ ಕೆಡಿಸುತ್ತದೆ. ಬಹುದಿನ ಏರಿದ್ದ ಸಕ್ಕರೆ ಬೇಗನೆ ಇಳಿದಾಗ ಕೆಲವರಿಗೆ ಉರಿ ಹೆಚ್ಚುವುದುಂಟು. ಔಷಧಿ ಹೊಂದಲಿಲ್ಲವೆಂದು ಬಿಡಬೇಡಿ, ವೈದ್ಯರಿಗೆ ತಿಳಿಸಿ.

ರಾತ್ರಿಯ ಉರಿಗೆ ಮಲಗುವ ಮುಂಚೆ ತಣ್ಣೀರಿನಲ್ಲಿ 10 ನಿಮಿಷ ಕಾಲಿಡಿ. ಇಲ್ಲೊಂದು ಎಚ್ಚರ ಬೇಕು. ಮೇ ತಿಂಗಳಲ್ಲಿ ಮಾಳಿಗೆ ಮೇಲಿನ ಟಾಕಿಯ ನೀರು ಸಂಜೆಯಾದರೂ ಸುಡುತ್ತಿರುತ್ತದೆ. ಕಾಲಿನಿಂದ ನೋಡಿದರೆ ಆ ಬಿಸಿ ತಿಳಿಯದು. ಮೊಣಕೈ ಅದ್ದಿ ನೋಡಿ, ಇಲ್ಲವೇ ಮನೆಯವರ ಕೈಯಿಂದ ನೋಡಿಸಿ. ಬಕೆಟ್‌ನಲ್ಲಿ ಹಿಡಿದಿಟ್ಟು ಆರಿದ ನೀರು ಒಳ್ಳೆಯದು. ಆಮೇಲೆ ಬೆರಳ ಸಂದಿಯನ್ನೆಲ್ಲ ಬಟ್ಟೆಯಿಂದ ಒತ್ತಿ ಒಣಗಿಸಿ, ಹಸಿ ಉಳಿದರೆ ಅಲ್ಲಿ ಕೊಳೆತ ಬಿಳಿ ಬಿರುಕು ಬೀಳುತ್ತದೆ. ಹಿಮ್ಮಡಿಗೆ ವ್ಯಾಸಲಿನ್ ಅಥವಾ ಕೊಬ್ಬರಿ ಎಣ್ಣೆ ಹಚ್ಚಿ, ಸಂದಿಗೆ ಬೇಡ. ಹೊದಿಕೆ ತಾಗಿದರೂ ನೋವಾಗುವವರು ಮಂಚದ ಕಾಲ್ದೆಸೆಗೆ ರಟ್ಟಿನ ಡಬ್ಬಿ ಕಡಿದು ಕಮಾನಿನಂತೆ ಇಟ್ಟು, ಅದರ ಮೇಲೆ ಹೊದಿಕೆ ಹಾಸಿಕೊಳ್ಳಲಿ.

ಹಗಲಿನ ದೊಡ್ಡ ಶತ್ರು ನೆಲ. ಶಹಾಬಾದಿನ ಪರ್ಸಿ ಕಲ್ಲು ಹಾಸಿದ ಅಂಗಳ ಏಪ್ರಿಲ್ ಮಧ್ಯಾಹ್ನ ಕಾದ ಹಂಚಿನಂತಿರುತ್ತದೆ. ನೋವು ತಿಳಿಯದ ಕಾಲು ಅಲ್ಲೇ ನಿಂತುಬಿಡುತ್ತದೆ, ಮನೆಗೆ ಬಂದಮೇಲೆ ಬೊಬ್ಬೆ ಕಾಣುತ್ತದೆ. ಶರಣಬಸವೇಶ್ವರ ಗುಡಿಗಾಗಲಿ ಬಂದೇನವಾಜ್ ದರ್ಗಾಕ್ಕಾಗಲಿ ಹೋಗುವುದಿದ್ದರೆ ನೆಲ ಕಾಯುವ ಮೊದಲು ಬೆಳಿಗ್ಗೆ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಮನೆಯೊಳಗೂ ಚಪ್ಪಲಿ ಇರಲಿ. ತೊಗರಿ ಕಟಾವಾದ ಹೊಲದ ಕೂಳೆ ತೆಳು ಅಟ್ಟೆಯನ್ನು ತೂರಿ ಬರುತ್ತದೆ, ಅಲ್ಲಿಗೆ ಮುಚ್ಚಿದ ಬೂಟೇ ಸರಿ.

ಹವಾಯಿ ಚಪ್ಪಲಿ ಬೇಡ. ಅದನ್ನು ಹಿಡಿದಿಡಲು ಬೆರಳು ಮಡಚಬೇಕು, ಬಾರು ಸಂದಿಯನ್ನು ಸವೆಸುತ್ತದೆ, ಕಳಚಿ ಬಿದ್ದರೂ ಗೊತ್ತಾಗುವುದಿಲ್ಲ. ಹಿಂದೆ ಪಟ್ಟಿ ಇರುವ, ಒಳಗೆ ಮೆತ್ತನೆಯ ಎಂಸಿಆರ್ (ಸಣ್ಣ ಗಾಳಿಗುಳ್ಳೆಗಳಿರುವ) ರಬ್ಬರ್, ಕೆಳಗೆ ಗಟ್ಟಿ ಅಟ್ಟೆ ಇರುವ ಚಪ್ಪಲಿ ಕೊಳ್ಳಿ. ಕಾಲು ಸ್ವಲ್ಪ ಊದಿರುವ ಸಂಜೆಯಲ್ಲೇ ಕೊಳ್ಳಿ, ಉದ್ದನೆಯ ಬೆರಳ ಮುಂದೆ ಒಂದು ಹೆಬ್ಬೆರಳ ಅಗಲ ಜಾಗ ಇರಲಿ. ಮೊದಲ ದಿನ ಒಂದು ಗಂಟೆ ಹಾಕಿ, ತೆಗೆದು, ಚರ್ಮ ಕೆಂಪಾಗಿದೆಯೇ ನೋಡಿ. ಹಾಕುವ ಮುಂಚೆ ಪ್ರತಿ ಸಲ ಕೊಡವಿ, ಒಳಗೆ ಕೈಯಾಡಿಸಿ.

ದಿನಾ ಸಂಜೆ ಬೆಳಕಿನಲ್ಲಿ ಕುಳಿತು, ಕನ್ನಡಿಯನ್ನು ನೆಲದ ಮೇಲಿಟ್ಟು ಅಂಗಾಲು ನೋಡಿಕೊಳ್ಳಿ. ಕಣ್ಣು ಮಂಜಾದವರಿಗೆ ಮನೆಯವರು ನೋಡಲಿ. ಉಗುರು ನೇರಕ್ಕೆ ಕತ್ತರಿಸಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಆಣಿಯ ಪಟ್ಟಿ ಅಂಟಿಸಬೇಡಿ. ಅದರಲ್ಲಿನ ಆಮ್ಲ ಸುತ್ತಲಿನ ಒಳ್ಳೆಯ ಚರ್ಮವನ್ನೂ ಸುಡುತ್ತದೆ.

ಗಾಯ ಕಪ್ಪಾದರೆ, ವಾಸನೆ ಬಂದರೆ, ಜ್ವರ ಸೇರಿದರೆ ಅಂದೇ ದವಾಖಾನೆಗೆ ಹೋಗಿ. ಒಂದೇ ಪಾದ ಕೆಂಪಾಗಿ, ಬಿಸಿಯಾಗಿ ಊದಿ, ನೋವು ಅಷ್ಟಾಗಿ ಇಲ್ಲದಿದ್ದರೆ ಒಳಗಿನ ಎಲುಬು ಕುಸಿಯುತ್ತಿರಬಹುದು. ಆಗ ನಡೆದು ಹೋಗಬೇಡಿ, ಆ ಕಾಲು ಊರದೆ ಆಟೋ ಹತ್ತಿ ಹೋಗಿ.