ಬಿಒಡಿ ಮೈನಸ್ ಬಂದಿದ್ದು: ಎನ್ವಿರಾನ್ಮೆಂಟಲ್ ಸೈನ್ಸ್ ಓದಿದ ನನ್ನ ಅನುಭವ

ಎನ್ವಿರಾನ್ಮೆಂಟಲ್ ಸೈನ್ಸ್ ಮಾಡ್ಲಾ, ಸಸ್ಟೈನಬಿಲಿಟಿ ಮಾಸ್ಟರ್ಸ್ ಮಾಡ್ಲಾ, ಎರಡೂ ಒಂದೇ ತಾನೇ ಅಂತ ಕೇಳೋರು ತುಂಬಾ ಜನ ಇದಾರೆ. ಒಂದೇ ಅಲ್ಲ. ನಾನು ಮೊದಲನೇದನ್ನ ಓದಿದ್ದು, ಈಗ ಹೊಟ್ಟೆಪಾಡಿಗೆ ಮಾಡ್ತಿರೋದು ಎರಡನೇದು, ಅಂದ್ರೆ ಕಂಪನಿಗಳ ಕಾರ್ಬನ್ ಲೆಕ್ಕ ಬರೆಯೋದು. ಒಂದರಲ್ಲಿ ನೀರು, ಮಣ್ಣು, ಗಾಳಿನ ನೀವೇ ಅಳೀತೀರ, ಕೆಮಿಸ್ಟ್ರಿ ಬಯಾಲಜಿ ಸ್ಟ್ಯಾಟಿಸ್ಟಿಕ್ಸ್ ಜಾಸ್ತಿ. ಇನ್ನೊಂದರಲ್ಲಿ ಬೇರೆ ಯಾರೋ ಅಳೆದು ಕೊಟ್ಟಿದ್ದನ್ನ ಇಟ್ಕೊಂಡು ಪಾಲಿಸಿ, ಎಕನಾಮಿಕ್ಸ್, ರಿಪೋರ್ಟಿಂಗ್ ಅಂತ ಹೋಗ್ತೀರ. ಬ್ರೋಷರ್‌ನಲ್ಲಿ ಮಾತ್ರ ಎರಡಕ್ಕೂ ಅದೇ ಹಸಿರು ಎಲೆ, ಅದೇ ಅಂಗೈಯಲ್ಲಿ ಭೂಮಿ ಇಟ್ಕೊಂಡಿರೋ ಫೋಟೋ.

ನಂಗೆ ಈ ಸಬ್ಜೆಕ್ಟ್ ಅರ್ಥ ಆಗೋಕೆ ಶುರುವಾಗಿದ್ದು ಒಂದು ತಪ್ಪಿನಿಂದ. ಮೊದಲನೇ ಸೆಮ್, ಬಿಒಡಿ (ಬಯೋಕೆಮಿಕಲ್ ಆಕ್ಸಿಜನ್ ಡಿಮ್ಯಾಂಡ್) ಪ್ರಾಕ್ಟಿಕಲ್. ನೀರಲ್ಲಿರೋ ಕೊಳೆಯೋ ಪದಾರ್ಥನ ಬ್ಯಾಕ್ಟೀರಿಯಾ ತಿನ್ನುತ್ವೆ, ತಿನ್ನೋವಾಗ ಆಕ್ಸಿಜನ್ ಎಳ್ಕೊಳ್ತವೆ, ಎಷ್ಟು ಎಳ್ಕೊಂಡ್ವು ಅಂತ ಅಳೆದ್ರೆ ನೀರು ಎಷ್ಟು ಕೊಳಕು ಅಂತ ಗೊತ್ತಾಗುತ್ತೆ, ಇಷ್ಟೇ ವಿಷಯ. 300 ಎಂಎಲ್ ಬಾಟಲಿ ತುಂಬಿಸಿ, ಒಂದನ್ನ ಅವತ್ತೇ ಟೈಟ್ರೇಟ್ ಮಾಡ್ಬೇಕು (ದ್ರಾವಣನ ಹನಿ ಹನಿಯಾಗಿ ಬಿಟ್ಟು ಆಕ್ಸಿಜನ್ ಎಷ್ಟಿದೆ ಅಂತ ಅಳೆಯೋದು), ಇನ್ನೊಂದನ್ನ 20 ಡಿಗ್ರಿಲಿ ಕತ್ತಲಲ್ಲಿ 5 ದಿನ ಇಟ್ಟು ಆಮೇಲೆ ಮಾಡ್ಬೇಕು. ಟೈಟ್ರೇಶನ್ ಅಂತೂ ನೋಡೋಕೆ ಚಂದ, ಮ್ಯಾಂಗನೀಸ್ ಸಲ್ಫೇಟು, ಆಲ್ಕಲಿ ಅಯೊಡೈಡ್ ಅಜೈಡು ಹಾಕಿದ ತಕ್ಷಣ ಬಾಟಲಿ ಒಳಗೆ ಕಂದು ಬಣ್ಣದ ಮೋಡ ಕಟ್ಟುತ್ತೆ (ಬಿಳಿ ಬಂತು ಅಂದ್ರೆ ಆಕ್ಸಿಜನ್ನೇ ಇಲ್ಲ ಅಂತ), ಅದು ಕೆಳಗೆ ಕೂತ್ಮೇಲೆ ಸಲ್ಫ್ಯೂರಿಕ್ ಆಸಿಡ್ ಬಿಟ್ರೆ ಮೋಡ ಕರಗಿ ಹಳದಿ ಆಗುತ್ತೆ, ಥಯೋಸಲ್ಫೇಟ್ ಬಿಡ್ತಾ ಬಿಡ್ತಾ ಒಣಹುಲ್ಲಿನ ಬಣ್ಣಕ್ಕೆ ಬಂದಾಗ ಎರಡು ಹನಿ ಸ್ಟಾರ್ಚ್, ಗಾಢ ನೀಲಿ, ಆಮೇಲೆ ಒಂದೇ ಒಂದು ಹನಿಗೆ ನೀಲಿ ಮಾಯ. ಆ ಒಂದು ಹನಿ ಜಾಸ್ತಿ ಆದ್ರೆ ಅಯ್ಯೋ ಅಂತ ತಲೆ ಚಚ್ಕೊಳ್ಬೇಕು.

ನಂಗೆ ಮೊದಲ ದಿನ ಆಕ್ಸಿಜನ್ ಲೀಟರ್‌ಗೆ 7.4 ಮಿಲಿಗ್ರಾಂ ಬಂತು. ಐದನೇ ದಿನ 7.9. ಅಂದ್ರೆ ಬ್ಯಾಕ್ಟೀರಿಯಾ ಆಕ್ಸಿಜನ್ ತಿನ್ನೋದು ಬಿಟ್ಟು ತಯಾರಿಸಿಟ್ಟಿವೆ ಅಂತ ಆಯ್ತು, ಬಿಒಡಿ ಮೈನಸ್! ಪಕ್ಕದ ಟೇಬಲ್‌ನೋರು ಆ ರೀಡಿಂಗ್ ಹೊಡೆದ್ಹಾಕು, 6.1 ಅಂತ ಬರಿ, ಎಲ್ಲರೂ ಹಂಗೇ ಮಾಡೋದು ಅಂದ್ರು. ನಾನೂ ಬರೆಯೋಕೆ ಪೆನ್ ತಗೊಂಡಿದ್ದೆ, ಸುಳ್ಳು ಯಾಕೆ ಹೇಳ್ಲಿ. ಅಷ್ಟೊತ್ತಿಗೆ ಮೇಡಂ ಬಂದ್ರು, ನೋಡಿದ್ರು, ಬೈಲಿಲ್ಲ. "ಮುಚ್ಚಳ ಹಾಕೋವಾಗ ಒಳಗೆ ಗುಳ್ಳೆ ಇತ್ತಾ?" ಅಂತ ಅಷ್ಟೇ ಕೇಳಿದ್ರು. ಇತ್ತು. ದೊಡ್ಡದೊಂದು ಗುಳ್ಳೆ ಮುಚ್ಚಳದ ಕೆಳಗೆ ಸಿಕ್ಕಾಕೊಂಡಿತ್ತು, ನೋಡಿದ್ದೆ, ಏನಾಗುತ್ತೆ ಬಿಡು ಅಂದ್ಕೊಂಡಿದ್ದೆ. ಐದು ದಿನ ಅದರೊಳಗಿನ ಗಾಳಿ ಮೆಲ್ಲಗೆ ನೀರಿಗೆ ಇಳಿದಿದೆ. ಮೇಡಂ ಮೈನಸ್ ರೀಡಿಂಗ್ ಹಂಗೇ ಬರೆಸಿದ್ರು, ಪಕ್ಕದಲ್ಲಿ ಗುಳ್ಳೆ ಇತ್ತು ಅಂತಾನೂ ಬರೆಸಿದ್ರು, ಹತ್ತಕ್ಕೆ ಎಂಟು ಮಾರ್ಕ್ಸ್ ಕೊಟ್ರು. 6.1 ಅಂತ ಬರೆದೋರಿಗೆ ನಾಲ್ಕು.

ಅದೇ ದಿನ ಕೇಳ್ದೆ, ಐದೇ ದಿನ ಯಾಕೆ ಅಂತ. ವಿಜ್ಞಾನದ ದೊಡ್ಡ ಕಾರಣ ಇರುತ್ತೆ ಅಂದ್ಕೊಂಡಿದ್ದೆ. ಬ್ರಿಟನ್‌ನಲ್ಲಿ ಚರಂಡಿ ನೀರಿನ ಬಗ್ಗೆ ಒಂದು ರಾಯಲ್ ಕಮಿಷನ್ ಇತ್ತು, 1912ರಲ್ಲಿ ಅವರ ವರದಿಲಿ ಬಂದ 20-30 ಅನ್ನೋ ಮಿತಿ (ಬಿಒಡಿ 20, ನೀರಲ್ಲಿ ಕರಗದೆ ತೇಲಾಡೋ ಕಣಗಳು 30 ಮಿಲಿಗ್ರಾಂ ಪರ್ ಲೀಟರ್) ಇವತ್ತಿಗೂ ಪುಸ್ತಕಗಳಲ್ಲಿ ಇದೆ. ಅಲ್ಲಿನ ನದಿಗಳು ಐದು ದಿನದೊಳಗೆ ಸಮುದ್ರ ಸೇರ್ತವೆ, ಅದಕ್ಕೇ ಐದು ದಿನ ಅಂತ ಹೇಳ್ತಾರೆ. ಬಿಸಿ ದೇಶಗಳಲ್ಲಿ 27 ಡಿಗ್ರಿಲಿ 3 ದಿನ ಇಡೋ ಪದ್ಧತಿನೂ ಇದೆ. ಅಲ್ಲಿಗೆ ನಂಗೆ ತಲೆಗೆ ಹೋಗಿದ್ದು ಏನಂದ್ರೆ, ಈ ಸಬ್ಜೆಕ್ಟಲ್ಲಿ ಯಾವ ನಂಬರ್ರೂ ಒಂಟಿಯಾಗಿ ಇರಲ್ಲ, ಯಾರು, ಎಷ್ಟು ದಿನ, ಎಲ್ಲಿ ಗೆರೆ ಎಳೆದು ಅಳೆದ್ರು ಅನ್ನೋದು ಜೊತೆಗೇ ಬರ್ಬೇಕು.

ಇನ್ನೊಂದು ವಿಚಿತ್ರ ಹೇಳ್ತೀನಿ. ಬಿಒಡಿ ಆದ್ಮೇಲೆ ಸಿಒಡಿ (ಕೆಮಿಕಲ್ ಆಕ್ಸಿಜನ್ ಡಿಮ್ಯಾಂಡ್), ಅಂದ್ರೆ ಬ್ಯಾಕ್ಟೀರಿಯಾ ಬದಲು ಕೆಮಿಕಲ್‌ನಿಂದ ಕೊಳೆ ಅಳೆಯೋದು, ಇದರಲ್ಲಿ ಪೊಟ್ಯಾಸಿಯಂ ಡೈಕ್ರೋಮೇಟ್ ಹಾಕಿ ಎರಡು ಗಂಟೆ ಕುದಿಸ್ತಾರೆ, ಜೊತೆಗೆ ಮರ್ಕ್ಯುರಿ ಸಲ್ಫೇಟು, ಸಿಲ್ವರ್ ಸಲ್ಫೇಟು. ಮುಗಿದ್ಮೇಲೆ ಉಳಿಯೋದು ಕ್ರೋಮಿಯಂ, ಪಾದರಸ, ಬೆಳ್ಳಿ ಎಲ್ಲಾ ಸೇರಿದ ಆಸಿಡ್. ನಾವು ಪರೀಕ್ಷೆ ಮಾಡಿದ ನೀರಿಗಿಂತ ನಮ್ಮ ವೇಸ್ಟೇ ಎಷ್ಟೋ ಪಾಲು ವಿಷ! ಅದನ್ನ ಬೇರೆ ಕ್ಯಾನಲ್ಲಿ ತುಂಬಿಸಿ ಲೇಬಲ್ ಅಂಟಿಸಿ ಇಡ್ಬೇಕು, ಸಿಂಕಿಗೆ ಚೆಲ್ಲಂಗಿಲ್ಲ. ಮುಂದಿನ ವರ್ಷ ಸೀಲ್ ಮಾಡಿದ ಸಣ್ಣ ಟ್ಯೂಬಲ್ಲಿ ಎರಡು ಮೂರು ಎಂಎಲ್‌ನಲ್ಲೇ ಮಾಡೋ ವಿಧಾನ ತಂದ್ರು, ವೇಸ್ಟ್ ಬಹಳ ಕಮ್ಮಿ ಆಯ್ತು. ಕಾಲೇಜು ನೋಡೋಕೆ ಹೋದ್ರೆ ಲ್ಯಾಬಲ್ಲಿ ಆ ವೇಸ್ಟ್ ಕ್ಯಾನ್ ಎಲ್ಲಿದೆ ಅಂತ ಕೇಳಿ, ತೋರಿಸಿದ್ರೆ ಅಲ್ಲಿ ಪಾಠ ಚೆನ್ನಾಗಿ ನಡೀತಿದೆ ಅಂತ ನನ್ನ ಲೆಕ್ಕ.

ಥಿಯರಿ ಬಗ್ಗೆ ಜಾಸ್ತಿ ಹೇಳಲ್ಲ. 1972 ಸ್ಟಾಕ್‌ಹೋಮ್ ಪರಿಸರ ಸಮ್ಮೇಳನ, ಸುಸ್ಥಿರ ಅಭಿವೃದ್ಧಿ ಬಗ್ಗೆ 1987ರ ಬ್ರುಂಟ್‌ಲ್ಯಾಂಡ್ ವರದಿ, 1992 ರಿಯೋ ಸಮ್ಮೇಳನ, 2015ರಲ್ಲಿ ವಿಶ್ವಸಂಸ್ಥೆಯ 17 ಗುರಿ 169 ಟಾರ್ಗೆಟ್, ಬಾಯಿಪಾಠ ಮಾಡಿ ಬರೆದು ಬಂದ್ವಿ. ಅದರಲ್ಲಿ ನಂಗೆ ಹಿಡಿಸಿದ್ದು ಕೀಲಿಂಗ್ ಅನ್ನೋ ವಿಜ್ಞಾನಿಯ ಪಾಠ ಒಂದೇ. ಆ ಮನುಷ್ಯ 1958ರಲ್ಲಿ ಹವಾಯಿಯ ಮೌನಾ ಲೋವಾದಲ್ಲಿ ಗಾಳಿಲಿರೋ ಇಂಗಾಲದ ಡೈಆಕ್ಸೈಡ್ ಅಳೆಯೋಕೆ ಶುರು ಮಾಡಿದಾಗ 315 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಲಿ 315 ಭಾಗ) ಆಸುಪಾಸು ಇತ್ತು, ಈಗ 420 ದಾಟಿದೆ. ಗ್ರಾಫ್ ಎಲ್ಲರೂ ನೋಡಿರ್ತಾರೆ, ಆದ್ರೆ ದೊಡ್ಡ ಕೆಲಸ ಇರೋದು ಅದೇ ಜಾಗದಲ್ಲಿ ಬಿಡದೆ ಅಳೆದಿದ್ದು, ರೆಫರೆನ್ಸ್ ಗ್ಯಾಸ್ ಇಟ್ಕೊಂಡು ಯಂತ್ರನ ಮತ್ತೆ ಮತ್ತೆ ಸರಿ ನೋಡಿದ್ದು. ಅವರಿಗೂ ಗುಳ್ಳೆ ಕಾಟ ಇತ್ತೋ ಏನೋ ಅಂತ ನಾವು ನಗಾಡ್ತಿದ್ವಿ.

ಮೂರನೇ ಸೆಮ್‌ನಲ್ಲಿ ಎಲ್‌ಸಿಎ ಬಂತು, ಲೈಫ್ ಸೈಕಲ್ ಅಸೆಸ್‌ಮೆಂಟ್, ಅಂದ್ರೆ ಒಂದು ವಸ್ತು ತಯಾರಾಗೋದ್ರಿಂದ ಬಿಸಾಕೋವರೆಗೆ ಪರಿಸರಕ್ಕೆ ಎಷ್ಟು ಹೊರೆ ಅಂತ ಲೆಕ್ಕ ಹಾಕೋದು. ನಾಲ್ಕು ಜನರ ಗುಂಪಿಗೆ ಒಂದೇ ಪ್ರಶ್ನೆ, ಪೇಪರ್ ಕಪ್ ಒಳ್ಳೇದಾ ಸ್ಟೀಲ್ ಕಪ್ ಒಳ್ಳೇದಾ. ಇದೇನು ಪ್ರಶ್ನೆ, ಸ್ಟೀಲೇ ಅಂತ ಹತ್ತು ನಿಮಿಷದಲ್ಲಿ ಮುಗಿಸೋಣ ಅಂತ ಕೂತ್ವಿ, ಎದ್ದಿದ್ದು ಮೂರು ವಾರ ಆದ್ಮೇಲೆ. ಮೊದಲು ಫಂಕ್ಷನಲ್ ಯೂನಿಟ್ ಬರೀಬೇಕು, ಒಂದು ಕಪ್ಪಿಗೆ ಒಂದು ಕಪ್ ಹೋಲಿಸಂಗಿಲ್ಲ, ಸಾವಿರ ಸಲ ಕುಡಿಯೋಕೆ ಏನೇನು ಬೇಕು ಅಂತ ಹೋಲಿಸ್ಬೇಕು. ತೊಳೆಯೋದನ್ನ ಲೆಕ್ಕಕ್ಕೆ ತಗೊಳ್ಬೇಕಾ? ಬಿಸಿ ನೀರಲ್ಲಾ ತಣ್ಣೀರಲ್ಲಾ? ಬಿಸಿ ಮಾಡಿದ ಕರೆಂಟ್ ಕಲ್ಲಿದ್ದಲಿಂದಾ? ಪೇಪರ್ ಕಪ್ ಕೊನೆಗೆ ಹೋಗೋದು ಗುಂಡಿಗಾ ಬೆಂಕಿಗಾ, ಗುಂಡಿಗಾದ್ರೆ ಕೊಳೆತು ಮೀಥೇನ್ ಬರುತ್ತಲ್ಲ? ನಾಲ್ಕು ಜನಕ್ಕೆ ನಾಲ್ಕು ಉತ್ತರ ಬಂತು, ಎಲ್ಲರ ಎಕ್ಸೆಲ್ ಶೀಟೂ ಸರಿ. ನನ್ನ ಶೀಟಲ್ಲಿ ಪ್ರತಿ ಸಲ ಬಿಸಿ ನೀರಲ್ಲಿ ಧಾರಾಳವಾಗಿ ತೊಳೆದ್ರೆ ಸ್ಟೀಲ್ ಕಪ್ಪಿನ ಲಾಭ ಪೂರ್ತಿ ನೀರಲ್ಲೇ ಕೊಚ್ಕೊಂಡು ಹೋಯ್ತು. ಎಲ್‌ಸಿಎ ಮಾಡೋಕೆ ಐಎಸ್ಒ 14040, 14044 ಅಂತ ಸ್ಟ್ಯಾಂಡರ್ಡ್ ಇದ್ಯಲ್ಲ, ಅದು ಯಾವುದು ಒಳ್ಳೇದು ಅಂತ ಹೇಳಲ್ಲ, ಗೆರೆ ಎಲ್ಲಿ ಎಳೆದೆ ಅನ್ನೋದನ್ನ ಬಚ್ಚಿಡಬೇಡ ಅಂತ ಹೇಳುತ್ತೆ.

ಈಗಿನ ಕೆಲಸದಲ್ಲಿ ದಿನಾ ಇದೇ ಜಗಳ. ಮೀಥೇನ್‌ನ 100 ವರ್ಷದ ಲೆಕ್ಕದಲ್ಲಿ ತಗೊಂಡ್ರೆ ಭೂಮಿನ ಬಿಸಿ ಮಾಡೋದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು, 20 ವರ್ಷಕ್ಕೆ ತಗೊಂಡ್ರೆ 80ರ ಹತ್ತಿರ, ಅನಿಲ ಅದೇ, ಸೋರಿದ್ದೂ ಅಷ್ಟೇ. ಒಂದು ಕಂಪನಿಯೋರು ತಮ್ಮ ಬಾಯ್ಲರ್ ಹೊಗೆ, ಕೊಂಡ ಕರೆಂಟು, ಅಂದ್ರೆ ಸ್ಕೋಪ್ 1, 2 ಮಾತ್ರ ತೋರಿಸಿ ನಾವು ಅರ್ಧಕ್ಕೆ ಇಳಿಸಿದೀವಿ ಅಂತ ಬರೀರಿ ಅಂದ್ರು. ಇಳಿದಿದ್ದು ಹೆಂಗೆ ಅಂತ ನೋಡಿದ್ರೆ ಹೊಗೆ ಬರೋ ಕೆಲಸನ ಹೊರಗಿನೋರಿಗೆ ಗುತ್ತಿಗೆ ಕೊಟ್ಟಿದಾರೆ, ಅದು ಸ್ಕೋಪ್ 3ಕ್ಕೆ, ಅಂದ್ರೆ ಕಂಪನಿಗೋಸ್ಕರ ಬೇರೆಯೋರು ಬಿಡೋ ಹೊಗೆ ಲೆಕ್ಕಕ್ಕೆ, ಹೋಗಿ ಕೂತಿದೆ. 7.9ನ ಹೊಡೆದು 6.1 ಬರೆಯೋದಕ್ಕೂ ಇದಕ್ಕೂ ಏನು ವ್ಯತ್ಯಾಸ ಹೇಳಿ. ನಾನು ಕೆಳಗೊಂದು ಸಾಲು ಸೇರಿಸ್ದೆ, ಅವರು ತೆಗೆಸಿದ್ರು, ಮತ್ತೆ ಸೇರಿಸ್ದೆ, ಆ ಕೆಲಸ ಆಮೇಲೆ ಬೇರೆಯೋರಿಗೆ ಹೋಯ್ತು.

ಡಿಸರ್ಟೇಶನ್‌ನಲ್ಲಿ ನಾನೇ ಇನ್ನೊಂದು ಎಡವಟ್ಟು ಮಾಡ್ಕೊಂಡೆ. ಹರಿಯೋ ನೀರಲ್ಲಿ ನೈಟ್ರೇಟ್ ಅಳೆಯೋದು, ಒಂದೇ ಜಾಗದಲ್ಲಿ ನಿಂತು ಹತ್ತು ಬಾಟಲಿ ತುಂಬಿಸ್ಕೊಂಡು ಬಂದೆ, ಹತ್ತು ಸ್ಯಾಂಪಲ್ ಅಂತ ಖುಷಿ. ಗೈಡ್ ನೋಡಿ "ಇದು ಹತ್ತು ಸ್ಯಾಂಪಲ್ ಅಲ್ಲಪ್ಪ, ಒಂದನ್ನೇ ಹತ್ತು ಸಲ ತಗೊಂಡಿದೀಯ" ಅಂದ್ರು. ಸೂಡೋರೆಪ್ಲಿಕೇಶನ್ ಅಂತಾರೆ ಇದಕ್ಕೆ. ಎರಡು ತಿಂಗಳ ಕೆಲಸ ಮತ್ತೆ ಮಾಡ್ದೆ, ಸ್ಟ್ಯಾಟಿಸ್ಟಿಕ್ಸ್ ಕ್ಲಾಸಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದಕ್ಕೆ ಬಡ್ಡಿ ಸಮೇತ ವಸೂಲಾಯ್ತು. ಆರ್ (R) ಅನ್ನೋ ಸ್ಟ್ಯಾಟಿಸ್ಟಿಕ್ಸ್ ಸಾಫ್ಟ್‌ವೇರ್ ಕಲಿತಿದ್ದು ಆವಾಗ್ಲೇ. ಮ್ಯಾಪ್ ಮಾಡೋ ಕ್ಯೂಜಿಐಎಸ್ ಕೂಡ, ಸೆಂಟಿನೆಲ್-2 ಅನ್ನೋ ಉಪಗ್ರಹದ ಚಿತ್ರಗಳು ಫ್ರೀ, ಒಂದು ಪಿಕ್ಸೆಲ್‌ಗೆ 10 ಮೀಟರ್, ಹಸಿರು ಎಷ್ಟಿದೆ ಅಂತ ಮನೇಲೇ ಕೂತು ನೋಡ್ಬಹುದು, ಮೋಡ ಇಲ್ಲದ ದಿನ ಸಿಕ್ರೆ. ಆರ್, ಕ್ಯೂಜಿಐಎಸ್ ಎರಡಕ್ಕೂ ಲೈಸೆನ್ಸ್ ದುಡ್ಡಿಲ್ಲ, ಕೋರ್ಸಲ್ಲಿ ಹೇಳಿಕೊಡದಿದ್ರೂ ಕಲೀರಿ.

ಸೇರೋ ಮುಂಚೆ ಸಿಲಬಸ್‌ನಲ್ಲಿ ಪೇಪರ್ ಹೆಸರು ನೋಡ್ಬೇಡಿ, ಎಲ್ಲಾ ಕಡೆ ಹೆಸರು ಚೆನ್ನಾಗೇ ಇರುತ್ತೆ. ವಾರಕ್ಕೆ ಲ್ಯಾಬ್ ಎಷ್ಟು ಗಂಟೆ, ಫೀಲ್ಡ್‌ವರ್ಕ್ ಟೈಮ್‌ಟೇಬಲ್‌ನಲ್ಲೇ ಇದ್ಯಾ ಇಲ್ಲ ವರ್ಷಕ್ಕೊಂದು ಟ್ರಿಪ್ಪಾ, ಸ್ಟ್ಯಾಟಿಸ್ಟಿಕ್ಸ್ ಕಡ್ಡಾಯನಾ, ಇಷ್ಟು ನೋಡಿ. ಸೀನಿಯರ್ಸ್ ಹತ್ರ ಪ್ರಾಕ್ಟಿಕಲ್ ರೆಕಾರ್ಡ್ ಇಸ್ಕೊಂಡು ತಿರುವಿ ಹಾಕಿ. ಎಲ್ಲರದ್ದೂ ಒಂದೇ ರೀಡಿಂಗ್ ಇದ್ರೆ ಅನುಮಾನ ಪಡಿ, ಎಲ್ಲಾದ್ರೂ ಒಂದು ಮೈನಸ್ ಕಂಡ್ರೆ, ಪಕ್ಕದಲ್ಲಿ ಕಾರಣನೂ ಬರೆದಿದ್ರೆ, ಧೈರ್ಯವಾಗಿ ಸೇರ್ಕೊಳ್ಳಿ. ಮತ್ತೆ ಫೀಲ್ಡಿಗೆ ಹೋಗೋವಾಗ ಪೆನ್ಸಿಲ್ ತಗೊಂಡ್ಹೋಗಿ, ನಾನು ಇಂಕ್ ಪೆನ್ನಲ್ಲಿ ಬರೆದ ಬಾಟಲಿ ನಂಬರ್‌ಗಳು ಮೊದಲ ಮಳೆಗೇ ನೀಲಿ ಕಲೆ ಆಗಿ ಹೋದ್ವು, ಯಾವ ಬಾಟಲಿ ಯಾವ ಜಾಗದ್ದು ಅಂತ ಇವತ್ತಿಗೂ ಗೊತ್ತಿಲ್ಲ.