ಹೌದೋ ಅಲ್ಲವೋ ಎಂದು ಕೇಳುವುದು ಬಿಟ್ಟ ಮೇಲೆ

ಮೊದಲೆಲ್ಲ ನಾನು ದೇವರ ಮುಂದೆ ಕೂತರೆ ಕೇಳುತ್ತಿದ್ದದ್ದು ಒಂದೇ ಥರದ ಪ್ರಶ್ನೆ. ಈ ಕೆಲಸ ಬಿಡಲಾ, ಬೇಡವಾ? ಕೇಳಿ ಎದ್ದವನೇ ದಿನವಿಡೀ ಗುರುತು ಹುಡುಕುತ್ತಿದ್ದೆ. ಹುಡುಕುವವನಿಗೆ ಗುರುತಿಗೇನು ಬರ? ಹೊಸ ಕೆಲಸದ ಆಸೆ ಹತ್ತಿದ್ದಾಗ ಬಸ್ಸು ಬೇಗ ಬಂದರೂ ಅದು ಒಪ್ಪಿಗೆಯೇ, ಯಾರೋ ಅಪರಿಚಿತರು ನಕ್ಕರೂ ಒಪ್ಪಿಗೆಯೇ. ಬಸ್ಸು ತಪ್ಪಿದ ದಿನ ಮಾತ್ರ ಅದು ಸುಮ್ನೆ ಬಸ್ಸು ತಪ್ಪಿದ್ದು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ!

ಆ ಕೆಲಸಕ್ಕೆ ಸೇರಿದೆ. ಏಳೇ ತಿಂಗಳಿಗೆ ಬಿಟ್ಟು ಬಂದೆ. ಕೆಲವು ದಿನ ದೇವರ ಮೇಲೆ ಮುನಿಸಿಕೊಂಡಿದ್ದೆ. ಆಮೇಲೆ ಹೊಳೆಯಿತು, ಸಂಬಳದ ಅಂಕಿ ನೋಡಿದ ದಿನವೇ ನಾನು ತೀರ್ಮಾನ ಮಾಡಿಯಾಗಿತ್ತು. ದೇವರ ಹತ್ತಿರ ಹೋದದ್ದು ರುಜು ಹಾಕಿಸಿಕೊಳ್ಳುವುದಕ್ಕೆ.

ಬೇರೆಯವರು ಹೇಗೆ ಮಾಡುತ್ತಾರೆ ಅಂತ ಓದತೊಡಗಿದ್ದು ಆಗ. ಎರಡು ವಿಷಯ ಮನಸ್ಸಿಗೆ ನಾಟಿದವು. ಒಂದು, ಮುಸ್ಲಿಮರ ಇಸ್ತಿಖಾರಾ, ಅಂದರೆ ಏನಾದರೂ ತೀರ್ಮಾನ ಮಾಡುವಾಗ ದೇವರಲ್ಲಿ ದಾರಿ ಕೇಳುವ ಪ್ರಾರ್ಥನೆ. ಎರಡು ರಕಅತ್ (ನಮಾಜಿನ ಒಂದು ಸುತ್ತು) ನಮಾಜ್ ಮಾಡಿ ಒಂದು ದುವಾ ಹೇಳಿಕೊಳ್ಳುತ್ತಾರೆ. ಇದು ನನಗೆ ಒಳ್ಳೆಯದಾದರೆ ಸುಲಭ ಮಾಡಿಕೊಡು, ಕೆಟ್ಟದ್ದಾದರೆ ಇದನ್ನು ನನ್ನಿಂದ ದೂರ ಮಾಡು, ನನ್ನನ್ನೂ ಇದರಿಂದ ದೂರ ಮಾಡು ಅನ್ನುವ ಅರ್ಥದ್ದು. ತುಂಬ ಜನ ಇದಾದ ಮೇಲೆ ಕನಸು ಬೀಳಲಿ ಅಂತ ಕಾಯುತ್ತಾರಂತೆ. ಆ ದುವಾದಲ್ಲಿ ಕನಸಿನ ಮಾತೇ ಇಲ್ಲ! "ನನ್ನನ್ನೂ ಇದರಿಂದ ದೂರ ಮಾಡು" ಅಂತ ಕೇಳಬಹುದು ಅನ್ನುವುದೇ ನನಗೆ ಹೊಳೆದಿರಲಿಲ್ಲ. ಕೆಲಸ ಕೈತಪ್ಪಿ ಆಸೆ ಮಾತ್ರ ಉಳಿದುಬಿಟ್ಟರೆ ಕಷ್ಟ ಹಾಗೇ ಇರುತ್ತದೆ, ಅಲ್ವಾ?

ಇನ್ನೊಂದು, ಸೈನಿಕನಾಗಿದ್ದು ಮುಂದೆ ಕ್ರೈಸ್ತ ಸಂತರಾದ ಸ್ಪೇನಿನ ಇಗ್ನೇಷಿಯಸ್ ಲೊಯೋಲಾ ಅವರ ಕಥೆ. 1521ರಲ್ಲಿ ಪಾಂಪ್ಲೋನಾದ ಕದನದಲ್ಲಿ ತೋಪಿನ ಗುಂಡು ಬಡಿದು ಅವರ ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಹೋಗದೆ ಹಗಲುಗನಸು ಕಾಣುತ್ತಿದ್ದರು. ಶೌರ್ಯ ಮೆರೆಯುವುದು, ಮೆಚ್ಚಿದ ಹೆಂಗಸಿನ ಮನ ಗೆಲ್ಲುವುದು, ಇವನ್ನು ನೆನೆದಾಗ ಆ ಹೊತ್ತಿಗೆ ಖುಷಿ, ಆಮೇಲೆ ಖಾಲಿ ಖಾಲಿ. ಸಂತರ ಹಾಗೆ ಬದುಕುವುದನ್ನು ನೆನೆದರೆ ಖುಷಿ ಆಮೇಲೂ ಉಳಿಯುತ್ತಿತ್ತು. ಗುಟ್ಟೆಲ್ಲ ಈ 'ಆಮೇಲೆ'ಯಲ್ಲಿದೆ. ಮನಸ್ಸು ಕುಸಿದಿರುವಾಗ ಹಿಂದಿನ ತೀರ್ಮಾನ ಬದಲಿಸಬೇಡಿ ಅಂತಲೂ ಅವರು ಮುಂದೆ ಬರೆದರು. ಈ ಒಂದು ಮಾತು ನನ್ನ ಎಷ್ಟೋ ರಾಜೀನಾಮೆ ಪತ್ರಗಳನ್ನು ತಡೆದಿದೆ.

ಈಗ ನಾನು ಮಾಡುವುದು ಇಷ್ಟೇ. ಬೆಳಗ್ಗೆ ಹತ್ತು ನಿಮಿಷ, ಫೋನು ಬೇರೆ ಕೋಣೆಯಲ್ಲಿ. ಮೊದಲು ನನಗೇನು ಬೇಕೋ ಅದನ್ನು ನಾಚಿಕೆ ಬಿಟ್ಟು ಹೇಳಿಬಿಡುತ್ತೇನೆ. ದುಡ್ಡು ಬೇಕು ಅಂದರೆ ದುಡ್ಡು ಬೇಕು. ಬಚ್ಚಿಟ್ಟರೆ ಅದೇ ಆಮೇಲೆ ದೇವರ ದನಿಯಲ್ಲಿ ಮಾತಾಡುತ್ತದೆ. ನಂತರ ಒಂದೇ ಪ್ರಶ್ನೆ, ಇವತ್ತು ನಾನು ಮಾಡಬೇಕಾದದ್ದು ಏನು? ರಾತ್ರಿ ನೋಟ್‌ಬುಕ್ಕಿನಲ್ಲಿ ಎರಡು ಸಾಲು ಬರೆಯುತ್ತೇನೆ. ಯಾವಾಗ ಮನಸ್ಸು ಹಗುರಾಯಿತು, ಯಾವಾಗ ಮುದುಡಿತು. ಒಂದು ದಿನದ ಸಾಲಿನಿಂದ ಏನೂ ಗೊತ್ತಾಗುವುದಿಲ್ಲ. ಮೂರು ವಾರದ್ದನ್ನು ಒಟ್ಟಿಗೆ ಓದಿದಾಗ ಏನೋ ಕಾಣುತ್ತದೆ. ಕಾಯಿಲೆ, ಸಾಲ ಇಂಥವಕ್ಕೆ ಮೊದಲು ತಿಳಿದವರನ್ನು ಕೇಳುತ್ತೇನೆ, ಆಮೇಲೆ ಪ್ರಾರ್ಥನೆ.

ಈ ರೂಢಿ ಇಟ್ಟುಕೊಂಡೂ ಎಡವಿದ್ದೇನೆ. ಅಕ್ಕನ ಜೊತೆ ಜಗಳವಾಗಿ ಮಾತು ಬಿಟ್ಟಿದ್ದೆ. ಫೋನ್ ಮಾಡಲಾ ಅಂತ ಹನ್ನೊಂದು ದಿನ ಪ್ರಾರ್ಥಿಸಿದೆ. ಬೇಡ ಅಂದುಕೊಂಡಾಗಲೆಲ್ಲ ಮನಸ್ಸಿಗೆ ನೆಮ್ಮದಿ. ಇದೇ ಉತ್ತರ ಅಂದುಕೊಂಡೆ. ನೋಟ್‌ಬುಕ್ಕು ತಿರುವಿದರೆ ಬೇರೆಯೇ ಕಂಡಿತು. 'ನೆಮ್ಮದಿ' ಅಂತ ಬರೆದ ದಿನಗಳಲ್ಲೆಲ್ಲ ಅದರ ಕೆಳಗೇ ಮನೆಯಲ್ಲಿ ಯಾರ ಮೇಲೋ ರೇಗಿದ್ದೂ ಇತ್ತು. ಸದ್ಯ, ಕಷ್ಟದ ಕೆಲಸ ತಪ್ಪಿತಲ್ಲ ಅನ್ನುವ ನಿರಾಳವನ್ನೇ ನಾನು ನೆಮ್ಮದಿ ಅಂತ ಬರೆದುಕೊಂಡಿದ್ದೆ. ಒಳಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ, ಅದೇ ತೊಂದರೆ.

ಆ ರಾತ್ರಿ ಉದ್ದದ ಮೆಸೇಜು ಟೈಪ್ ಮಾಡಿದೆ. ಯಾರು ಏನಂದರು, ಯಾರದು ತಪ್ಪು, ಎಲ್ಲ. ಕಳಿಸುವ ಮೊದಲು ಕಣ್ಣು ಮುಚ್ಚಿ ಕೂತೆ. ಯಾವ ದನಿಯೂ ಕೇಳಲಿಲ್ಲ. ಆದರೆ ಅವಳು ಮೆಟ್ಟಿಲು ಹತ್ತುವಾಗ ಮಂಡಿ ಹಿಡಿದುಕೊಳ್ಳುವುದು ನೆನಪಾಯಿತು. ಬರೆದದ್ದೆಲ್ಲ ಅಳಿಸಿದೆ. "ಅಕ್ಕಾ, ಮಂಡಿ ನೋವು ಹೇಗಿದೆ?" ಅಂತಷ್ಟೇ ಕಳಿಸಿದೆ. ಓದಿದ್ದಾಳೆ ಅಂತ ತೋರಿಸಿತು. ಉತ್ತರ ಬರಲಿಲ್ಲ. ಮರುದಿನ ಮಧ್ಯಾಹ್ನ ಅವಳೇ ಫೋನ್ ಮಾಡಿ, "ಈಗ ನೆನಪಾಯ್ತೇನೋ ನಿಂಗೆ?" ಅಂದಳು. ಜಗಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ಇನ್ನೂ ಎತ್ತಿಲ್ಲ.

ಇವತ್ತು ಬೆಳಗ್ಗೆಯೂ ಹತ್ತು ನಿಮಿಷ ಕೂತೆ. ಏನೂ ಹೊಳೆಯಲಿಲ್ಲ. ನಿನ್ನೆ ಅರ್ಧಕ್ಕೆ ಬಿಟ್ಟ ಕೆಲಸ ಮೇಜಿನ ಮೇಲಿತ್ತು. ಅದನ್ನೇ ಎತ್ತಿಕೊಂಡೆ.